ಕತ್ತಿಯ ಅಲಗು ನೆನಪಿದೆ, ಹಡಪ ಮರೆತಿದೆ

ಕಠೋಪನಿಷತ್ತು ಅರಿವಿನ ದಾರಿಯನ್ನು ಕ್ಷೌರದ ಕತ್ತಿಯ ಅಲಗಿಗೆ ಹೋಲಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಗ್ಲಿಷ್ ಕಾದಂಬರಿಕಾರ ಸಾಮರ್ಸೆಟ್ ಮಾಮ್ 1944ರಲ್ಲಿ ತನ್ನ ಕಾದಂಬರಿಗೆ ಆ ಹೋಲಿಕೆಯನ್ನೇ ಹೆಸರಾಗಿ ಇಟ್ಟುಕೊಂಡ. ಭಾಷಣಕಾರರು ಅದನ್ನು ಇಂದಿಗೂ ಬಳಸುತ್ತಾರೆ. ಆದರೆ ಕೆಲಸ ಮುಗಿದ ಮೇಲೆ ಆ ಕತ್ತಿ ಎಲ್ಲಿಗೆ ಹೋಗುತ್ತಿತ್ತು, ಅದನ್ನು ಇಡುವ ಚೀಲಕ್ಕೆ ಏನೆನ್ನುತ್ತಿದ್ದರು ಎಂದು ಕೇಳಿದವರು ಕಡಿಮೆ. ಉತ್ತರ ಮತ್ತೊಂದು ಉಪನಿಷತ್ತಿನಲ್ಲಿಯೇ ಇದೆ. ಬೃಹದಾರಣ್ಯಕದ ಮೊದಲನೆಯ ಅಧ್ಯಾಯವು, ಆತ್ಮವು ಉಗುರಿನ ತುದಿಯವರೆಗೆ ದೇಹವನ್ನು ಹೊಕ್ಕು ಅಡಗಿದೆ ಎಂದು ಹೇಳುವಾಗ, ಕತ್ತಿಯು ತನ್ನ ಚೀಲದಲ್ಲಿ ಅಡಗಿರುವಂತೆ ಎಂಬ ಹೋಲಿಕೆಯನ್ನು ಕೊಡುತ್ತದೆ. ಅಲ್ಲಿ ಬರುವ ಶಬ್ದ ‘ಕ್ಷುರಧಾನ’. ಕೌಷೀತಕಿ ಉಪನಿಷತ್ತಿನಲ್ಲಿಯೂ ಇದೇ ಹೋಲಿಕೆ ಇದೆ. ಕತ್ತಿಯ ಅಲಗು ಜಗತ್ತನ್ನು ಸುತ್ತಿತು. ಕತ್ತಿಯ ಚೀಲ ಮಾತ್ರ ಗ್ರಂಥದಲ್ಲಿಯೇ ಉಳಿಯಿತು.

ಈ ಮರೆವು ಆಕಸ್ಮಿಕವಲ್ಲ. ಅಲಗು ಎಂಬುದು ತತ್ತ್ವಜ್ಞಾನಿಯ ರೂಪಕವಾಗಬಲ್ಲದು. ಚೀಲವಾದರೋ ದುಡಿಯುವವನ ಹೆಗಲಿನ ವಸ್ತು. ಭಾಷೆಯ ಓದು ಮೊದಲನೆಯದನ್ನು ಗೌರವಿಸುತ್ತ ಬಂದಿದೆ, ಎರಡನೆಯದನ್ನು ಬದಿಗಿಟ್ಟಿದೆ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವ ವಿದ್ಯಾರ್ಥಿಗಳು ಈ ಕ್ರಮವನ್ನು ಒಪ್ಪಿಕೊಳ್ಳಬಾರದು. ಕ್ಷೌರದ ಕತ್ತಿಯನ್ನಿಡುವ ಹಳೆಯ ಚೀಲದ ಹೆಸರುಗಳ ಹಿಂದೆ ಹೊರಟರೆ ಧ್ವನಿನಿಯಮ, ಅರ್ಥಪಲ್ಲಟ, ಭಾಷಾಸಂಪರ್ಕ, ವಚನಸಾಹಿತ್ಯ, ಜಾತಿಯ ಇತಿಹಾಸ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಅದರಲ್ಲಿಯೂ ಗಡಿನಾಡಿನ ಕನ್ನಡಿಗರಿಗೆ ಈ ಚೀಲ ತಮ್ಮ ಊರಿನದೇ.

ಮೊದಲು ಸಂಸ್ಕೃತದ ಹೆಸರನ್ನು ನೋಡಬೇಕು. ‘ಕ್ಷುರ’ ಎಂದರೆ ಕ್ಷೌರದ ಕತ್ತಿ. ಋಗ್ವೇದದಷ್ಟು ಹಳೆಯ ಶಬ್ದ. ‘ಧಾನ’ ಎಂದರೆ ಇಡುವ ಜಾಗ. ರಾಜಧಾನಿ ಎಂಬಲ್ಲಿರುವುದೂ ಇದೇ ಧಾತು. ಬೃಹದಾರಣ್ಯಕದ ಶಂಕರಭಾಷ್ಯವು ಕ್ಷುರಧಾನವನ್ನು ಬಿಡಿಸುವಾಗ, ಕತ್ತಿಯನ್ನು ಇಡುವಂಥದು, ಅಂದರೆ ನಾಪಿತನ ಸಲಕರಣೆಗಳ ಚೀಲ ಎಂದು ವಿವರಿಸುತ್ತದೆ. ಇರಾನಿನ ಕಡೆಯ ಭಾಷೆಗಳಲ್ಲಿ ಇದೇ ಮೂಲದ ಶಬ್ದ ‘ದಾನ್’ ಎಂದಾಯಿತು. ಅತ್ತರದಾನಿ, ಗುಲಾಬದಾನಿ, ಪಾನದಾನ ಇವೆಲ್ಲ ಆ ದಾರಿಯಿಂದ ಫಾರಸಿಯ ಮೂಲಕ ನಮ್ಮ ಮನೆಗಳಿಗೆ ಬಂದವು. ಹೀಗೆ ಉಪನಿಷತ್ತಿನ ಕತ್ತಿಯ ಚೀಲವೂ ಸೊಲ್ಲಾಪುರದ ಹಳೆಯ ಮನೆಯ ಎಲೆ-ಅಡಿಕೆಯ ಡಬ್ಬಿಯೂ ಹೆಸರಿನ ಮಟ್ಟಿಗೆ ದೂರದ ದಾಯಾದಿಗಳು. ಕತ್ತಿಯ ಚೀಲ ಮತ್ತು ತಾಂಬೂಲದ ಚೀಲ ಎಂಬ ಈ ಜೋಡಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕನ್ನಡದ ಹೆಸರಿನಲ್ಲಿ ಇವೆರಡೂ ಮತ್ತೆ ಎದುರಾಗುತ್ತವೆ.

ಸಂಸ್ಕೃತದಲ್ಲಿ ಮತ್ತೊಂದು ಹೆಸರೂ ಇದೆ: ‘ಕ್ಷುರಭಾಂಡ’. ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ನಾಪಿತನ ಹೆಂಡತಿಯ ಕಥೆ ಬರುತ್ತದೆ. ಕೆಲಸಕ್ಕೆ ಹೊರಟ ಗಂಡ ಬಾಗಿಲಲ್ಲಿ ನಿಂತು ಕ್ಷುರಭಾಂಡವನ್ನು ಕೊಡು ಎನ್ನುತ್ತಾನೆ. ಬೇರೊಂದು ಕಾರಣಕ್ಕೆ ರಾತ್ರಿಯೇ ಮೂಗು ಕಳೆದುಕೊಂಡಿದ್ದ ಅವಳು ಒಳಗಿನಿಂದ ಒಂದೇ ಒಂದು ಕತ್ತಿಯನ್ನು ಕೊಡುತ್ತಾಳೆ. ಸಿಟ್ಟಾದ ಅವನು ಅದನ್ನು ತಿರುಗಿ ಎಸೆಯುತ್ತಾನೆ. ಅವಳು ಗಂಡನೇ ಮೂಗು ಕೊಯ್ದನೆಂದು ಕೂಗುತ್ತಾಳೆ. ಕಥೆ ನಿಂತಿರುವುದೇ ಚೀಲಕ್ಕೂ ಕತ್ತಿಗೂ ಇರುವ ವ್ಯತ್ಯಾಸದ ಮೇಲೆ. ಒಂಟಿ ಕತ್ತಿಯನ್ನು ಹಿಡಿದು ಯಾವ ನಾಪಿತನೂ ಕೆಲಸಕ್ಕೆ ಹೋಗಲಾರ. ಅವನಿಗೆ ಸಾಣೆಕಲ್ಲು, ಚರ್ಮದ ಪಟ್ಟಿ, ಕತ್ತರಿ, ಹಣಿಗೆ, ಕನ್ನಡಿ, ಉಗುರು ತೆಗೆಯುವ ಸಲಕರಣೆ, ನೀರಿನ ಬಟ್ಟಲು ಎಲ್ಲವೂ ಬೇಕು. ಚೀಲದ ಹೆಸರು ಒಂದು ವಸ್ತುವಿನ ಹೆಸರಲ್ಲ, ಇಡೀ ಕಸುಬಿನ ಹೆಸರು ಎಂಬುದನ್ನು ಆ ಕಥೆ ಬರೆದವನು ಬಲ್ಲವನಾಗಿದ್ದ.

ಇನ್ನು ಕನ್ನಡಕ್ಕೆ ಬಂದರೆ, ಇಲ್ಲಿ ಆ ಚೀಲ ‘ಹಡಪ’. ನಿಘಂಟುಗಳು ಈ ಶಬ್ದಕ್ಕೆ ಎರಡು ಅರ್ಥ ಕೊಡುತ್ತವೆ: ಎಲೆ-ಅಡಿಕೆಯ ಚೀಲ ಮತ್ತು ಕ್ಷೌರಿಕನ ಚೀಲ. ಹಳಗನ್ನಡದಿಂದ ಹೊಸಗನ್ನಡಕ್ಕೆ ಬರುವಾಗ ಪಕಾರ ಹಕಾರವಾಗುವ ನಿಯಮವನ್ನು ಕಲಿತ ವಿದ್ಯಾರ್ಥಿ ಕೂಡಲೇ ಪಾಲು ಹಾಲಾದಂತೆ ‘ಪಡಪ’ ಹಡಪವಾಯಿತು ಎಂದು ಬರೆದುಬಿಡಬಹುದು. ಇಲ್ಲಿಯೇ ಎಚ್ಚರ ಬೇಕು. ‘ಅಡಪ’ ಎಂಬ ಹಕಾರವಿಲ್ಲದ ರೂಪ ಕನ್ನಡದಲ್ಲಿಯೇ ಇದೆ. ತೆಲುಗಿನಲ್ಲಿ ‘ಅಡಪಮು’, ತಮಿಳಿನಲ್ಲಿ ‘ಅಡಪ್ಪಂ’ ಇವೆ. ತಾಂಬೂಲದ ಚೀಲಕ್ಕೆ ತಮಿಳಿನಲ್ಲಿ ‘ಅಡೈಪ್ಪೈ’ ಎಂಬ ಇನ್ನೂ ಬಿಡಿಯಾದ ರೂಪ ಉಳಿದಿದೆ. ಅದರಲ್ಲಿ ‘ಅಡೈ’ ಎಂದರೆ ಒಳಗೆ ಸೇರಿಸು, ಮುಚ್ಚು. ‘ಪೈ’ ಎಂದರೆ ಚೀಲ. ಒಡಹುಟ್ಟಿದ ಭಾಷೆಗಳಲ್ಲಿ ಎಲ್ಲಿಯೂ ಆದಿಯಲ್ಲಿ ಪಕಾರವಿಲ್ಲ. ಆದ್ದರಿಂದ ಹಡಪದ ಹಕಾರ ಪಕಾರದಿಂದ ಬಂದದ್ದಲ್ಲ, ಸ್ವರದ ಮುಂದೆ ತಾನಾಗಿ ಸೇರಿಕೊಂಡದ್ದು ಎಂದು ತಿಳಿಯುವುದೇ ನ್ಯಾಯ. ನಿಯಮವನ್ನು ಬಲ್ಲವನು ವಿದ್ಯಾರ್ಥಿ. ನಿಯಮ ಎಲ್ಲಿ ಸಲ್ಲದು ಎಂಬುದನ್ನೂ ಬಲ್ಲವನು ವಿದ್ವಾಂಸ. ಆ ಎರಡನೆಯ ಅರಿವು ಬರಬೇಕಾದರೆ ನೆರೆಯ ಭಾಷೆಯ ಬಾಗಿಲನ್ನು ತಟ್ಟಲೇಬೇಕು.

ಎಲೆ-ಅಡಿಕೆಗೂ ಕ್ಷೌರದ ಕತ್ತಿಗೂ ಒಂದೇ ಹೆಸರಿನ ಚೀಲ ಏಕೆ? ಹೆಸರು ಹುಟ್ಟಿದ್ದು ಒಳಗಿನ ವಸ್ತುವಿನಿಂದಲ್ಲ, ಚೀಲದ ಕೆಲಸದಿಂದ. ಎಲೆ, ಅಡಿಕೆ, ಸುಣ್ಣ ಒಂದಕ್ಕೊಂದು ತಾಗದಂತೆ ಇಡಬೇಕು. ಕತ್ತಿಯ ಅಲಗು ಕಲ್ಲಿಗೆ, ಕನ್ನಡಿಗೆ ತಾಗದಂತೆ ಇಡಬೇಕು. ಸಣ್ಣ ಸಣ್ಣ ಪದಾರ್ಥಗಳನ್ನು ಬೇರೆ ಬೇರೆ ಅಡಕಿಟ್ಟು, ಮಡಚಿ, ಮುಚ್ಚಿ ಒಯ್ಯುವ ಚೀಲ ಯಾವುದಾದರೂ ಅದು ಹಡಪವೇ. ಅರಮನೆಯಲ್ಲಿ ಅದರೊಳಗೆ ತಾಂಬೂಲವಿತ್ತು, ಊರಿನಲ್ಲಿ ಕತ್ತಿಯಿತ್ತು.

ಪಶ್ಚಿಮದ ಹೆಸರುಗಳು ಹುಟ್ಟಿದ್ದೂ ಹೀಗೆಯೇ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸಿರಿವಂತರ ಕ್ಷೌರದ ಕತ್ತಿಗಳು ಸುಂದರವಾದ ಪೆಟ್ಟಿಗೆಗಳಲ್ಲಿ ಇರುತ್ತಿದ್ದವು. ವಾರದ ಏಳು ದಿನಕ್ಕೆ ಏಳು ಕತ್ತಿಗಳಿದ್ದು, ಒಂದೊಂದರ ಮೇಲೆ ಒಂದೊಂದು ವಾರದ ಹೆಸರು ಕೊರೆದ ಪೆಟ್ಟಿಗೆಗಳನ್ನು ಸಂಗ್ರಾಹಕರು ಇಂದಿಗೂ ಕಾಪಾಡಿದ್ದಾರೆ. ಸಣ್ಣ ಸಲಕರಣೆಗಳ ಪೆಟ್ಟಿಗೆಗೆ ಫ್ರೆಂಚರು ‘ಎತ್ವಿ’ ಎಂದರು. ಅದರ ಮೂಲದಲ್ಲಿ ಮುಚ್ಚಿಡು, ಕಾಪಾಡು ಎಂಬ ಕ್ರಿಯೆಯಿದೆ. ಅಂದರೆ ಅದೂ ನಮ್ಮ ಅಡಪದ ಹಾಗೆ ಕೆಲಸದಿಂದ ಹುಟ್ಟಿದ ಹೆಸರು. ಇಂಗ್ಲಿಷರ ಬಾಯಲ್ಲಿ ಆ ಶಬ್ದದ ಬಹುವಚನ ಸವೆದು ‘ಟ್ವೀಜ್’ ಆಯಿತು. ಕೊನೆಗೆ ಪೆಟ್ಟಿಗೆಯ ಹೆಸರು ಅದರೊಳಗಿನ ಚಿಮಟಕ್ಕೆ ಅಂಟಿ ‘ಟ್ವೀಜರ್ಸ್’ ಎಂಬ ಶಬ್ದ ಹುಟ್ಟಿತು. ಪೆಟ್ಟಿಗೆಗೆ ಹೊದಿಸುತ್ತಿದ್ದ ಕಾಳುಕಾಳಾದ ಚರ್ಮಕ್ಕೆ ‘ಶಾಗ್ರೀನ್’ ಎಂದು ಹೆಸರು. ತುರ್ಕಿ ಭಾಷೆಯಲ್ಲಿ ಕುದುರೆಯ ಹಿಂಬದಿ ಎಂಬ ಅರ್ಥದ ‘ಸಾರಿ’ ಎಂಬ ಶಬ್ದ ಫ್ರೆಂಚಿನ ಮೂಲಕ ಅಲ್ಲಿಗೆ ಹೋಯಿತು. ಇದು ಪದಾರ್ಥದಿಂದ ಬಂದ ಹೆಸರು. ಸಂಗ್ರಾಹಕರು ಒಂದು ಬಗೆಯ ಹಳೆಯ ಕತ್ತಿಪೆಟ್ಟಿಗೆಯನ್ನು ಅದರ ಆಕಾರ ಕಂಡು ‘ಕಾಫಿನ್’ ಎನ್ನುತ್ತಾರೆ. ಇಂದು ಆ ಶಬ್ದಕ್ಕೆ ಶವಪೆಟ್ಟಿಗೆ ಎಂಬ ಅರ್ಥ. ಆದರೆ ಅದರ ಗ್ರೀಕ್ ಮೂಲವಾದ ‘ಕೋಫಿನೋಸ್’ ಎಂದರೆ ಬರೀ ಬುಟ್ಟಿ. ಕೆಲಸ, ಪದಾರ್ಥ, ಆಕಾರ: ಚೀಲ-ಪೆಟ್ಟಿಗೆಗಳಿಗೆ ಹೆಸರು ಬರುವುದು ಸಾಮಾನ್ಯವಾಗಿ ಈ ಮೂರು ದಾರಿಗಳಿಂದ.

ಕನ್ನಡದಲ್ಲಿ ಇದರ ಮುಂದಿನ ಒಂದು ಹೆಜ್ಜೆಯೂ ಆಗಿದೆ. ಇಲ್ಲಿ ಚೀಲದ ಹೆಸರು ಮನುಷ್ಯನ ಹೆಸರಾಯಿತು. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರು. ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವರು. ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಹದಿನೇಳನೆಯ ಶತಮಾನದ ಕೊನೆಯ ಭಾಗಕ್ಕೆ ಬಂದರೆ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ತಾಂಬೂಲದ ಚೀಲವನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಸಂಚಿಯ ಹೊನ್ನಮ್ಮ ಎನಿಸಿಕೊಂಡಳು. ಸಂಚಿ ಎಂದರೂ ಚೀಲವೇ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಹೀಗೆ ಚೀಲದಿಂದ ಹೆಸರು ಪಡೆದ ಇಬ್ಬರು ಇದ್ದಾರೆ. ಇವರಲ್ಲಿ ಒಬ್ಬರ ಹೆಸರನ್ನು ಕೇಳಿದಾಗ ಯಾರೂ ಜಾತಿಯನ್ನು ಕೇಳುವುದಿಲ್ಲ. ಮತ್ತೊಬ್ಬರ ಹೆಸರನ್ನು ಕೇಳಿದ ಕೂಡಲೇ ಕೇಳುತ್ತಾರೆ.

ಅಪ್ಪಣ್ಣನವರ ಹಡಪದಲ್ಲಿ ಇದ್ದದ್ದು ತಾಂಬೂಲವೋ ಕತ್ತಿಯೋ ಎಂಬ ಚರ್ಚೆ ಹಳೆಯದು. ಹಡಪದ ಸಮಾಜವು ಅವರನ್ನು ತನ್ನ ಕುಲಗುರುವೆಂದು ಪೂಜಿಸುತ್ತದೆ. ಬಸವಣ್ಣನವರಿಗೆ ತಾಂಬೂಲದ ಚೀಲವನ್ನು ಹಿಡಿಯುವ ಕಾಯಕ ಅವರದಾಗಿತ್ತು ಎಂದು ಪಠ್ಯಗಳು ಬರೆಯುತ್ತವೆ. ಶಬ್ದವನ್ನು ಮಾತ್ರ ಹಿಡಿದು ಈ ಚರ್ಚೆಯನ್ನು ತೀರಿಸಲು ಬರುವುದಿಲ್ಲ, ಏಕೆಂದರೆ ಶಬ್ದ ಎರಡಕ್ಕೂ ಸಾಕ್ಷಿ ನುಡಿಯುತ್ತದೆ. ಒಂದು ಅರ್ಥ ಮೇಲಿನದು, ಒಂದು ಕೆಳಗಿನದು ಎಂಬ ಭಾವನೆಯಿಂದ ಯಾವುದೇ ಪಕ್ಷವನ್ನು ಹಿಡಿಯುವುದಂತೂ ವ್ಯಾಸಂಗದ ರೀತಿಯಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರೆಲ್ಲ ಕಸುಬನ್ನು ಹೆಸರಿನ ಮುಂದೆ ಹೊತ್ತರು, ಮರೆಮಾಡಲಿಲ್ಲ. ಅಂಥವರ ಸಾಲಿನಲ್ಲಿ ನಿಂತ ಒಬ್ಬರ ಚೀಲದಲ್ಲಿ ಕತ್ತಿ ಇದ್ದರೆ ಕುಂದು, ಎಲೆ ಇದ್ದರೆ ಗೌರವ ಎನ್ನುವವರು ವಚನಗಳನ್ನು ಓದಿಯೂ ಓದದವರು.

ಗಡಿಯಾಚೆಯ ಮರಾಠಿಯಲ್ಲಿ ಇದೇ ಚೀಲ ‘ಧೋಕಟಿ’. ವಾರಕರಿ ಪರಂಪರೆಯ ಸಂತ ಸೇನಾ ನ್ಹಾವಿಯ ಕಥೆಯನ್ನು ಪಂಢರಪುರದ ಹಾದಿಯಲ್ಲಿ ಇಂದಿಗೂ ಹೇಳುತ್ತಾರೆ. ಪೂಜೆಯಲ್ಲಿ ಮುಳುಗಿದ್ದ ಸೇನಾನಿಗೆ ಅರಸನ ಕರೆ ಬಂದಾಗ ಹೋಗಲಾಗಲಿಲ್ಲ; ವಿಠ್ಠಲನೇ ಸೇನಾನ ರೂಪ ತಾಳಿ, ಧೋಕಟಿಯನ್ನು ಹಿಡಿದು, ಅರಸನ ಸೇವೆಗೆ ಹೋದನಂತೆ. ಸೇನಾನ ಹೆಸರಿನ ಒಂದು ಪದ ಸಿಖ್ಖರ ಗುರು ಗ್ರಂಥ ಸಾಹಿಬದಲ್ಲಿಯೂ ಸೇರಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸೀಮೆಯಲ್ಲಿ ಹಡಪದ ಅಪ್ಪಣ್ಣನವರ ಜಯಂತಿಯೂ ಸಂತ ಸೇನಾನ ಪುಣ್ಯತಿಥಿಯೂ ಪರಕೀಯವಲ್ಲ. ಅಲ್ಲಿನ ಮನುಷ್ಯನಿಗೆ ಹಡಪ ಎಂದರೂ ತಿಳಿಯುತ್ತದೆ, ಧೋಕಟಿ ಎಂದರೂ ತಿಳಿಯುತ್ತದೆ. ಅದರೊಳಗಿನ ಕತ್ತಿಗೆ ಮರಾಠಿಯಲ್ಲಿ ‘ವಸ್ತರಾ’; ಅದು ಫಾರಸಿಯ ‘ಉಸ್ತುರಾ’ದಿಂದ ಬಂದದ್ದು. ನಾವಿಂದ, ನ್ಹಾವಿ ಎಂಬ ಎರಡೂ ಹೆಸರುಗಳು ಸಂಸ್ಕೃತದ ನಾಪಿತದ ಕಡೆಗೆ ಕೈ ತೋರಿಸುತ್ತವೆ. ದ್ರಾವಿಡ ಮೂಲದ ಚೀಲದಲ್ಲಿ ಫಾರಸಿ ಹೆಸರಿನ ಕತ್ತಿಯನ್ನು ಇಟ್ಟುಕೊಂಡು, ಸಂಸ್ಕೃತ ಮೂಲದ ಹೆಸರಿನವನು, ಕನ್ನಡ ಮನೆಗೂ ಮರಾಠಿ ಮನೆಗೂ ಹೋಗಿ ಬರುತ್ತಿದ್ದ. ಆ ಚೀಲ ಯಾವ ರಾಜ್ಯದ್ದು ಎಂದು ಕೇಳುವುದು ನಿರರ್ಥಕ. ಗಡಿಯ ವಾದಗಳಲ್ಲಿ ಶಬ್ದಗಳನ್ನು ಸಾಕ್ಷಿಗೆ ಎಳೆಯುವವರು ಈ ಒಂದು ಚೀಲವನ್ನು ಬಿಚ್ಚಿ ನೋಡಿದರೆ ಸಾಕು.

ಹಾಗಾದರೆ ಹಡಪ ಏಕೆ ಮರೆಯಾಯಿತು? ಕಾರಣಗಳು ಎರಡು, ಎರಡೂ ಸ್ಪಷ್ಟ. ಹಿಂದೆ ಮರಾಠಿ ಸೀಮೆಯಲ್ಲಿ ಬಲುತೇದಾರನಾಗಿ, ಕನ್ನಡ ಸೀಮೆಯಲ್ಲಿ ಆಯಗಾರನಾಗಿ, ವರ್ಷಕ್ಕೊಮ್ಮೆ ಧಾನ್ಯವನ್ನು ಪಡೆದು, ಕ್ಷೌರಿಕನೇ ಮನೆಮನೆಗೆ ಹೋಗುತ್ತಿದ್ದ. ಹೋಗುವವನಿಗೆ ಚೀಲ ಬೇಕಿತ್ತು. ಜನರೇ ಅಂಗಡಿಗೆ ಬರತೊಡಗಿದಾಗ ಚೀಲದ ಸಾಮಾನು ಗೋಡೆಯ ಹಲಗೆಯ ಮೇಲೆ ಕುಳಿತಿತು. ಎರಡನೆಯದು ಬ್ಲೇಡು. ಅಮೆರಿಕದ ಕಿಂಗ್ ಜಿಲೆಟ್ 1901ರಲ್ಲಿ ಕಂಪನಿಯನ್ನು ಕಟ್ಟಿ, 1903ರಲ್ಲಿ ಬಳಸಿ ಎಸೆಯುವ ಬ್ಲೇಡಿನ ಮಾರಾಟವನ್ನು ಆರಂಭಿಸಿದ. ಇಂದು ಸಲೂನಿನ ಕತ್ತಿಯಲ್ಲಿಯೂ ಗಿರಾಕಿಗೊಂದು ಅರ್ಧ ಬ್ಲೇಡು ಬದಲಾಗುತ್ತದೆ. ಸಾಣೆ ಹಿಡಿಯಬೇಕಾದ, ಮಗನಿಗೆ ಒಪ್ಪಿಸಿ ಹೋಗಬೇಕಾದ ಅಲಗು ಇಲ್ಲವಾದ ಮೇಲೆ ಅದನ್ನು ಕಾಪಾಡುವ ಮನೆಯೂ ಬೇಡವಾಯಿತು. ವಸ್ತು ಹೋದ ಮೇಲೆ ಶಬ್ದ ಹೆಚ್ಚು ದಿನ ನಿಲ್ಲುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಹೋದರೆ ಹೋಗಲಿ, ಆ ಚೀಲವೇ ಅಪ್ಪನಿಂದ ಮಗನ ಹೆಗಲಿಗೆ ಜಾತಿಯನ್ನು ದಾಟಿಸಿತಲ್ಲವೆ, ಅದರ ಹೆಸರನ್ನು ಮರೆತರೆ ನಷ್ಟವೇನು ಎಂದು ಆ ಸಮಾಜದ ತರುಣರೇ ಕೇಳಬಹುದು. ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಹಗುರಾಗಿ ಕಾಣಬಾರದು. ಹಡಪದ ಚರಿತ್ರೆಯೆಲ್ಲ ಹೆಮ್ಮೆಯದೂ ಅಲ್ಲ. ಅನೇಕ ಊರುಗಳಲ್ಲಿ ದಲಿತರಿಗಾಗಿ ಅದು ಬಿಚ್ಚಿಕೊಳ್ಳಲೇ ಇಲ್ಲ. ಕಸುಬಿನಿಂದ ಬಿಡುಗಡೆ ಬೇಕೆನ್ನುವವನಿಗೆ ಚೀಲವನ್ನು ಕೆಳಗಿಡುವ ಸಂಪೂರ್ಣ ಅಧಿಕಾರವಿದೆ.

ಆದರೆ ಶಬ್ದವನ್ನು ಮರೆತರೆ ಅವಮಾನವೂ ಮರೆಯುತ್ತದೆ ಎಂಬುದು ನಿಜವಲ್ಲ. ಸಾಕ್ಷಿಗೆ ‘ಹಜಾಮ’ ಎಂಬ ಶಬ್ದವನ್ನೇ ನೋಡಬಹುದು. ಅರಬ್ಬಿಯಲ್ಲಿ ‘ಹಜ್ಜಾಮ್’ ಎಂದರೆ ಕೊಂಬು ಹಚ್ಚಿ ಕೆಟ್ಟ ರಕ್ತವನ್ನು ತೆಗೆಯುವ ಚಿಕಿತ್ಸಕ. ಕ್ಷೌರಿಕನೇ ಕುರು ಕೊಯ್ಯುವ, ರಕ್ತ ತೆಗೆಯುವ ಕೆಲಸವನ್ನೂ ಮಾಡುತ್ತಿದ್ದುದರಿಂದ ಆ ಹೆಸರು ಅವನಿಗೆ ಬಂತು. ಲಂಡನ್ನಿನಲ್ಲಿಯೂ 1540ರಿಂದ 1745ರವರೆಗೆ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದಲ್ಲಿದ್ದರು. ಅಲ್ಲಿ ಬೇರೆಯಾದ ಶಸ್ತ್ರವೈದ್ಯನಿಗೆ ಪದವಿ ಸಿಕ್ಕಿತು. ಇಲ್ಲಿ ಚಿಕಿತ್ಸಕನ ಹೆಸರೇ ಬೈಗುಳವಾಯಿತು. ಆ ಶಬ್ದದ ಅರ್ಥವನ್ನು ಬಲ್ಲವರು ಇಲ್ಲವಾದರು, ಬೈಗುಳ ಮಾತ್ರ ಉಳಿಯಿತು. ಅವಮಾನ ಬದುಕುವುದು ಮರೆವಿನ ಮೇಲೆಯೇ. ಮೂಲವನ್ನು ಬಲ್ಲವನಿಗೆ ಆ ಶಬ್ದವನ್ನು ಬಳಸಿ ಇನ್ನೊಬ್ಬನನ್ನು ಕೀಳಾಗಿ ಕಾಣುವುದು ಕಷ್ಟವಾಗುತ್ತದೆ.

ಚೀಲದ ನೆನಪಿನಲ್ಲಿ ಅಭಿಮಾನಕ್ಕೂ ಜಾಗವಿದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು, ಜೋತಿರಾವ್ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡುವುದಿಲ್ಲ ಎಂದು ನಿರ್ಧರಿಸಿದರು. ಸಮಾಜಸುಧಾರಣೆಯ ಚರಿತ್ರೆಯಲ್ಲಿ ಭಾಷಣ ಮಾಡಿದವರ, ಪತ್ರಿಕೆ ನಡೆಸಿದವರ ಹೆಸರುಗಳಿವೆ. ಕತ್ತಿಯನ್ನು ಧೋಕಟಿಯಿಂದ ಹೊರತೆಗೆಯದೆ ಕುಳಿತವರೂ ಸುಧಾರಕರೇ. ಸಂಪ್ರದಾಯದ ಕೈಗೆ ಆಯುಧ ಸಿಗದಂತೆ ಮಾಡಿದವರು ಅವರು, ಅದಕ್ಕಾಗಿ ತಮ್ಮ ಗಳಿಕೆಯನ್ನು ಬಿಟ್ಟವರೂ ಅವರು. ಧೋಕಟಿ ಎಂಬ ಶಬ್ದ ಗೊತ್ತಿಲ್ಲದವನಿಗೆ ಈ ಘಟನೆಯ ತೂಕ ತಿಳಿಯುವುದು ಹೇಗೆ?

ಆದ್ದರಿಂದ ಕನ್ನಡ ವಿಭಾಗಗಳು, ಅದರಲ್ಲಿಯೂ ಗಡಿಯಾಚೆಯ ವಿಭಾಗಗಳು, ಕಸುಬಿನ ಶಬ್ದಗಳ ಸಂಗ್ರಹವನ್ನು ಪಠ್ಯದ ಅಂಚಿನ ಕೆಲಸವೆಂದು ಎಣಿಸಬಾರದು. ಭಾಷಾವಿಜ್ಞಾನದ ಪತ್ರಿಕೆಗೆ ಕಿರುಪ್ರಬಂಧ ಬರೆಯುವ ವಿದ್ಯಾರ್ಥಿಗಳು ಪುಸ್ತಕದ ಉದಾಹರಣೆಗಳನ್ನೇ ತಿರುಗಿ ಬರೆಯುವುದಕ್ಕಿಂತ ತಮ್ಮ ಊರಿನ ಹಿರಿಯ ಕ್ಷೌರಿಕರೊಬ್ಬರ ಬಳಿ ಕುಳಿತು ಬರುವುದು ಮೇಲು. ಚೀಲಕ್ಕೆ, ಕಲ್ಲಿಗೆ, ಪಟ್ಟಿಗೆ, ಕತ್ತಿಯ ಹಿಡಿಗೆ, ಅಲಗಿನ ಬೆನ್ನಿಗೆ ಏನೆನ್ನುತ್ತಾರೆ. ಮನೆಯಲ್ಲಿ ಏನು, ಗಿರಾಕಿಯ ಮುಂದೆ ಏನು. ಕನ್ನಡದಲ್ಲಿ ಏನು, ಮರಾಠಿಯಲ್ಲಿ ಏನು ಎಂದು ಕೇಳಿ ಬರೆದುಕೊಳ್ಳಬೇಕು. ಕೇಳುವ ಮೊದಲು ಅವರ ಒಪ್ಪಿಗೆ ಪಡೆಯಬೇಕು, ಬರೆದದ್ದನ್ನು ಅವರಿಗೆ ಓದಿ ತೋರಿಸಬೇಕು. ಜಾತಿಯ ವಿವರ ಕೆದಕುವುದು ಈ ಕೆಲಸದ ಉದ್ದೇಶವಲ್ಲ. ಅವರು ಆ ವಿದ್ಯೆಯಲ್ಲಿ ಗುರುಗಳು, ಕೇಳುವವರು ಶಿಷ್ಯರು ಎಂಬ ನಡತೆ ಇರಬೇಕು. ಇದೇ ಪ್ರಶ್ನೆಯನ್ನು ಆದವಾನಿ, ರಾಯದುರ್ಗ, ಮಡಕಶಿರಾದ ವಿದ್ಯಾರ್ಥಿಗಳು ತೆಲುಗಿನ ಅಡಪಮಿನೊಡನೆ, ಹೊಸೂರು, ತಾಳವಾಡಿಯವರು ತಮಿಳಿನ ಅಡಪ್ಪಮಿನೊಡನೆ ಇಟ್ಟು ನೋಡಬಹುದು. ಮೂರು ಗಡಿಗಳಲ್ಲಿ ಒಂದೇ ಚೀಲದ ಮೂರು ಉಚ್ಚಾರಗಳನ್ನು ಪಕ್ಕಪಕ್ಕದಲ್ಲಿ ಇಡಬಲ್ಲವರು ಹೊರನಾಡ ಕನ್ನಡ ವಿಭಾಗದವರು. ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಈ ಸೌಕರ್ಯವಿಲ್ಲ.

ಹೊರನಾಡಿನ ಕನ್ನಡವನ್ನು ಕಲಬೆರಕೆ ಎಂದು ಕರೆಯುವವರು ಒಳನಾಡಿನಲ್ಲಿಯೂ ಇದ್ದಾರೆ, ಹೊರನಾಡಿನಲ್ಲಿಯೂ ಇದ್ದಾರೆ. ಹಡಪ ಅವರಿಗೆ ಸರಿಯಾದ ಉತ್ತರ. ಬೇರೆ ಬೇರೆ ಪದಾರ್ಥಗಳನ್ನು ಒಂದಕ್ಕೊಂದು ತಾಗಿ ಕೆಡದಂತೆ, ಒಂದೂ ಕಳೆದುಹೋಗದಂತೆ, ಬೇಕಾದಾಗ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಚೀಲಕ್ಕೆ ಆ ಹೆಸರು ಬಂತು. ಎರಡು ಭಾಷೆಗಳ ನಡುವೆ ಬೆಳೆದ ಮನಸ್ಸಿಗೂ ಅದು ಸಲ್ಲುವ ಹೆಸರೇ.